ಭಂಗಾರವೋ, ಬಂಗಾರವೋ?

ಎರಡು ಭಾಷೆಗಳ ನಡುವೆ ಬಾಳುವ ನಮ್ಮ ಗಡಿನಾಡಿನವರಿಗೆ ಕೆಲವು ಮಾತುಗಳ ಸೊಗಸು ಹೇಳದೆಯೇ ತಿಳಿಯುತ್ತದೆ. ಓಣಿಯಲ್ಲಿ ಗಾಡಿ ತಳ್ಳಿಕೊಂಡು ಬರುವವನು ‘ಭಂಗಾರ’ ಎಂದು ಕೂಗಿದರೆ ಮರಾಠಿ ಬಲ್ಲವರಿಗೆ ಅಟ್ಟದ ಮೇಲಿನ ಮುರುಕು ಸಾಮಾನು ನೆನಪಾಗುತ್ತದೆ. ಕನ್ನಡವೊಂದನ್ನೇ ಬಲ್ಲ ಅಜ್ಜಿ ಕೊರಳ ಸರವನ್ನು ಮುಟ್ಟಿ ನೋಡಿಕೊಳ್ಳುತ್ತಾಳೆ. ಒಂದು ಮಹಾಪ್ರಾಣದ ಅಂತರವಷ್ಟೆ! ಬಂಗಾರದಂತೆ ದುಡಿಯುತ್ತಿದ್ದ ಮನೆಯ ಯಂತ್ರವೊಂದು, ಚಿಕ್ಕದೊಂದು ಬಿಡಿಭಾಗ ಸಿಗದೆ, ಇಷ್ಟೇ ಸುಲಭವಾಗಿ ಭಂಗಾರವಾಗುವ ಬಗೆಯನ್ನು ಈ ತಿಂಗಳು ವಾಚಕರೊಡನೆ ವಿಚಾರಿಸಬೇಕೆಂದಿದ್ದೇನೆ.

ಗಡಹಿಂಗ್ಲಜದ ಗೃಹಿಣಿಯೊಬ್ಬರ ಮಿಕ್ಸರು ಶೇಂಗಾ ಹಿಂಡಿ ಮಾಡುವಾಗ ನಿಂತಿತೆನ್ನೋಣ. ಮೋಟಾರು ಗುಂಯ್‌ಗುಡುತ್ತದೆ, ಅಲಗು ಮಾತ್ರ ತಿರುಗುವುದಿಲ್ಲ. ಪಾತ್ರೆಯನ್ನೂ ಮೋಟಾರನ್ನೂ ಜೋಡಿಸುವ ಕಪ್ಲರಿನ ಹಲ್ಲುಗಳು ಸವೆದಿವೆ. ಈ ಭಾಗವನ್ನು ಬೇಕೆಂತಲೇ ಮೆತ್ತಗೆ ಮಾಡಿರುತ್ತಾರೆ. ಅಲಗು ಸಿಕ್ಕಿಬಿದ್ದಾಗ ಅದು ತಾನು ಮುರಿದು ಮೋಟಾರನ್ನು ಉಳಿಸಬೇಕು. ಅಂದರೆ ಇದು ಸವೆಯುವುದೆಂದು ತಯಾರಿಸಿದವನಿಗೆ ಮೊದಲೇ ಗೊತ್ತು. ಆದರೂ ಊರಿನ ಅಂಗಡಿಯಲ್ಲಿ ‘ಈ ಮಾಡೆಲ್ಲಿನದು ನಮ್ಮಲ್ಲಿಲ್ಲ, ಕೊಲ್ಹಾಪುರಕ್ಕೆ ಹೋಗಿರಿ’ ಎನ್ನುತ್ತಾರೆ. ಸಂಕೇಶ್ವರ–ನಿಪ್ಪಾಣಿ ಮಾರ್ಗವಾಗಿ, ಅಂದರೆ ತಮ್ಮದೇ ಜಿಲ್ಲೆಯ ಮುಖ್ಯ ಪಟ್ಟಣಕ್ಕೆ ಕರ್ನಾಟಕವನ್ನು ಹಾಯ್ದು ಹೋಗಿ, ಅರ್ಧ ದಿನ ಕಳೆದು ಕೇಳಿದರೆ ‘ಆ ಮಾಡೆಲ್ ಬಂದಾಯಿತು, ಹೊಸದನ್ನೇ ತೆಗೆದುಕೊಳ್ಳಿರಿ, ಅಗ್ಗವಾದೀತು’ ಎಂಬ ಉತ್ತರ. ಈ ‘ಅಗ್ಗ’ದ ಲೆಕ್ಕದಲ್ಲಿ ಬಸ್ಸಿನ ಖರ್ಚಿಲ್ಲ, ಕಳೆದುಕೊಂಡ ದಿನದ ಗಳಿಕೆಯಿಲ್ಲ, ಇನ್ನೂ ಗಟ್ಟಿಯಾಗಿರುವ ಹಳೆಯ ಮೋಟಾರಿನ ಬೆಲೆಯೂ ಇಲ್ಲ.

ಸೋಜಿಗದ ಮಾತೆಂದರೆ, ಇದು ನಡೆಯುವುದು ಬಿಡಿಭಾಗಗಳ ತವರೂರಿನಲ್ಲಿ. ಕೊಲ್ಹಾಪುರದ ಫೌಂಡ್ರಿಗಳು ಎರಕ ಹೊಯ್ದ ಭಾಗಗಳು ವಾಹನಗಳಿಗೂ ಡೀಸೆಲ್ ಎಂಜಿನುಗಳಿಗೂ ಹೋಗುತ್ತವೆ. ಶಿವಾಜಿ ಉದ್ಯಮನಗರದ ಮಿಸ್ತ್ರಿಗಳಿಗೆ ಮುರಿದ ಗಿಯರು ತೋರಿಸಿದರೆ ಅಂಥದೇ ಇನ್ನೊಂದನ್ನು ಕಡೆದುಕೊಡಬಲ್ಲರು. ಇನ್ನು ಇಚಲಕರಂಜಿ! ಅಲ್ಲಿ ವಿಠ್ಠಲರಾವ ದಾತಾರರು ಮೊದಲ ಯಂತ್ರಮಗ್ಗವನ್ನು ಹೂಡಿದ್ದು 1904ರಲ್ಲಿ. ಅಂದಿನಿಂದ ಬೆಳೆದ ಆ ಪೇಟೆಯಲ್ಲಿ ಸಾದಾ ಮಗ್ಗದ ಲಾಳಿ, ಪಿಕರು, ಬಾಬಿನು ಇವುಗಳಿಗಾಗಿ ಯಾರೂ ದೂರದ ಊರಿಗೆ ಕಾಗದ ಬರೆದು ಕಾಯಬೇಕಾಗಲಿಲ್ಲ. ಆದುದರಿಂದಲೇ ತಂದೆ ನಡೆಸಿದ ಮಗ್ಗವನ್ನು ಮಗನೂ ನಡೆಸುವುದು ಸಾಧ್ಯವಾಯಿತು. ಇದರ ಗುಟ್ಟು ಉಕ್ಕಿನ ಗಟ್ಟಿತನವೊಂದೇ ಅಲ್ಲ. ಅಳತೆ ಎಲ್ಲರಿಗೂ ಗೊತ್ತಿತ್ತು, ಒಬ್ಬನು ಮಾಡಿದ ಭಾಗ ಇನ್ನೊಬ್ಬನ ಮಗ್ಗಕ್ಕೆ ಕೂಡುತ್ತಿತ್ತು. ಮನೆಯ ಯಂತ್ರಗಳಲ್ಲಿ ಹೀಗಿಲ್ಲ. ಒಂದೇ ಕಂಪನಿಯ ಎರಡು ಮಿಕ್ಸರುಗಳ ಕಪ್ಲರುಗಳೂ ಅನೇಕ ವೇಳೆ ಒಂದಕ್ಕೊಂದು ಹೊಂದುವುದಿಲ್ಲ.

ಬಿಡಿಭಾಗದ ಬರಗಾಲದಿಂದಲೇ ಒಂದು ಒಳಿತು ಆದದ್ದೂ ಉಂಟು. ಮುಂಬಯಿಯಲ್ಲಿ ಸೀಮೆನ್ಸ್ ಸಂಸ್ಥೆಯ ಎಂಜಿನಿಯರರಾಗಿದ್ದ ಸತ್ಯಪ್ರಕಾಶ ಮಾಥುರರ ಮನೆಯಲ್ಲಿ ಜರ್ಮನಿಯ ಬ್ರೌನ್ ಮಿಕ್ಸರು ಇತ್ತು. ಅದು ಕೆಟ್ಟಿತು, ಅದನ್ನು ದುರಸ್ತಿಗೊಳಿಸುವ ಅನುಕೂಲ ಆಗ ನಮ್ಮ ದೇಶದಲ್ಲಿರಲಿಲ್ಲ. ಪತ್ನಿ ಮಾಧುರಿಯವರ ಒತ್ತಾಯದಿಂದ ಅವರು ನಮ್ಮ ಮಸಾಲೆ, ನಮ್ಮ ನೆನೆಸಿದ ಬೇಳೆ ಇವುಗಳ ಭಾರವನ್ನು ತಾಳುವ ಮೋಟಾರಿನ ಮಿಕ್ಸರನ್ನು ತಾವೇ ರೂಪಿಸಿದರು. 1963ರಲ್ಲಿ ಆರಂಭವಾದ ಆ ಉದ್ಯಮವೇ ‘ಸುಮೀತ್’. ಎಷ್ಟೋ ಮನೆಗಳಲ್ಲಿ ಒರಳುಕಲ್ಲಿನ ದುಡಿತವನ್ನು ಕಡಿಮೆ ಮಾಡಿದ ಯಂತ್ರದ ಹಿಂದೆ ಹೀಗೆ ದುರಸ್ತಿಯಾಗದ ಇನ್ನೊಂದು ಯಂತ್ರವಿತ್ತು. ಆದರೆ ಎಲ್ಲ ಮನೆಯಲ್ಲಿಯೂ ಎಂಜಿನಿಯರರು ಇರುವುದಿಲ್ಲವಷ್ಟೆ.

ದೋಷವನ್ನೆಲ್ಲ ಅಂಗಡಿಕಾರನ ಮೇಲೆ ಹೊರಿಸುವುದು ನ್ಯಾಯವಲ್ಲ. ವರುಷ ವರುಷವೂ ಬದಲಾಗುವ ಮಾಡೆಲ್ಲುಗಳ ಭಾಗಗಳನ್ನು ತಂದಿಟ್ಟರೆ ಅವನ ಬಂಡವಾಳ ಕಪಾಟಿನಲ್ಲಿಯೇ ಧೂಳು ಹಿಡಿಯುತ್ತದೆ. ಬಟ್ಟೆ ತೊಳೆಯುವ ಯಂತ್ರದ ಎಲೆಕ್ಟ್ರಾನಿಕ್ ಹಲಗೆಯನ್ನಂತೂ ತೇವ ತಾಗದಂತೆ ಅಂಟಿನಲ್ಲಿ ಮುಚ್ಚಿರುತ್ತಾರೆ; ಎರಡು ಬೆರಳಗಲದ ತುಣುಕು ಸುಟ್ಟರೂ ಇಡೀ ಹಲಗೆಯನ್ನೇ ಬದಲಿಸಬೇಕು. ಅಸಲಿ ಭಾಗ ಸಿಗದಾಗ ನಕಲಿ ಭಾಗ ಪೇಟೆಗೆ ಬರುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಮತ್ತು ಸೇಫ್ಟಿ ವಾಲ್ವಿನಲ್ಲಿ ಇಂಥ ನಕಲಿಯನ್ನು ನಂಬುವುದು ಪ್ರಾಣದೊಡನೆ ಜೂಜಾಡಿದಂತೆ.

ಇದು ನಮ್ಮೊಬ್ಬರ ಗೋಳಲ್ಲ. ಯುರೋಪಿನ ಒಕ್ಕೂಟದಲ್ಲಿ 2021ರ ಮಾರ್ಚಿನಿಂದ ಬಟ್ಟೆ ತೊಳೆಯುವ ಯಂತ್ರದ ಮುಖ್ಯ ಬಿಡಿಭಾಗಗಳನ್ನು 10 ವರ್ಷ, ಫ್ರಿಜ್ಜಿನವನ್ನು 7 ವರ್ಷ ಒದಗಿಸಲೇಬೇಕೆಂದು ಕಟ್ಟಳೆಯಾಗಿದೆ. ನಮ್ಮಲ್ಲಿ 2014ರ ಆಗಸ್ಟಿನಲ್ಲಿ ಸ್ಪರ್ಧಾ ಆಯೋಗವು ಬಿಡಿಭಾಗಗಳನ್ನು ಹೊರಗಿನ ಮಿಸ್ತ್ರಿಗಳಿಗೆ ದೊರಕಗೊಡದಿದ್ದುದಕ್ಕಾಗಿ 14 ಕಾರು ಕಂಪನಿಗಳಿಗೆ ದಂಡ ವಿಧಿಸಿತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್ 24ರಂದು ‘ದುರಸ್ತಿಯ ಹಕ್ಕು’ ಎಂಬ ಜಾಲತಾಣವನ್ನು ತೆರೆಯಿತು. ಆದರೆ ಅದು ಮಾಹಿತಿಯ ತಾಣವೇ ಹೊರತು ಕಟ್ಟಳೆಯಲ್ಲ.

ಗಡಿಯವರಾದ ನಾವು ತಿಳಿದಿರಬೇಕಾದ ಮಾತೊಂದಿದೆ. ಬೆಳಗಾವಿಯಲ್ಲಿ ಕೊಂಡ ವಸ್ತುವಿಗೆ ಬೆಳಗಾವಿಗೇ ಹೋಗಿ ದೂರಬೇಕೆಂದು ಅನೇಕರು ಸುಮ್ಮನಾಗುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದೆಂದು ಹೇಳಿದೆ. ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ; ಕಾರಣ ಹುಟ್ಟಿದ 2 ವರ್ಷದೊಳಗೆ ದೂರು ಹೋಗಿರಬೇಕು. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಫೋನು ಮಾಡಬಹುದು. ಅಲ್ಲಿ ಮರಾಠಿಯಂತೆ ಕನ್ನಡದಲ್ಲಿಯೂ ಮಾತನಾಡಲು ಬರುತ್ತದೆ. ಮಹಾರಾಷ್ಟ್ರದಲ್ಲಿದ್ದೇವೆಂದು ಮನೆಯ ಹೆಣ್ಣುಮಕ್ಕಳು ಹಿಂಜರಿಯಬೇಕಾಗಿಲ್ಲ.

ಆದರೆ ಕಾಯಿದೆಗಿಂತ ಮೊದಲು ಕೆಲಸಕ್ಕೆ ಬರುವುದು ಕೊಳ್ಳುವಾಗಿನ ಎಚ್ಚರ. ಬಣ್ಣ, ಗುಂಡಿಗಳ ಸಂಖ್ಯೆ ಇವುಗಳನ್ನು ಕೇಳುವ ಮೊದಲು ‘ಇದರ ಭಾಗ ಈ ಊರಿನಲ್ಲಿ ಸಿಗುವುದೇ, ಕೂಡಿಸುವವರು ಯಾರು?’ ಎಂದು ಕೇಳಿರಿ. ಬಿಲ್ಲಿನ ಮೇಲೆ ಮಾಡೆಲ್ ನಂಬರು ಬರೆಯಿಸಿ, ಬಿಲ್ಲನ್ನು ಜೋಪಾನ ಮಾಡಿರಿ. ಎರಡು ಕಪ್ಲರುಗಳನ್ನೂ ಒಂದು ಜೊತೆ ಕಾರ್ಬನ್ ಬ್ರಶ್ಶುಗಳನ್ನೂ ಮಿಕ್ಸರಿನೊಡನೆಯೇ ಕೊಂಡಿಡಿರಿ. ಮಿಕ್ಸರಿನ ಒಳಗೆ ಕಿಡಿ ಹೆಚ್ಚಾದರೆ ಬ್ರಶ್ಶು ಸವೆದಿರಬಹುದು. ಆಗಲೇ ಬದಲಿಸಿದರೆ ಅಲ್ಪ ಖರ್ಚಿನಲ್ಲಿ ಮುಗಿಯುತ್ತದೆ, ತಡೆದರೆ ಆರ್ಮೇಚರಿಗೆ ಹೊಸ ತಂತಿ ಸುತ್ತಿಸಬೇಕಾದೀತು.

ಕೊನೆಯದಾಗಿ, ನಮ್ಮ ಓಣಿಯ ಮಿಸ್ತ್ರಿ. ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದನೆಂದು ಅವನ ಕೂಲಿಯಲ್ಲಿ ಚೌಕಾಶಿ ಮಾಡುವವರೇ ಬಹಳ. ಆ ಹತ್ತು ನಿಮಿಷದ ಹಿಂದೆ ಇಪ್ಪತ್ತು ವರ್ಷದ ಕೈಯಿದೆ. ಅವನ ಮಗ ಈ ವಿದ್ಯೆಯನ್ನು ಬಿಟ್ಟು ಹೋದ ದಿನ, ಬಿಡಿಭಾಗ ಸಿಕ್ಕರೂ ಕೂಡಿಸುವ ಕೈ ಸಿಗಲಾರದು. ಅಂಥ ಬಿಡಿಭಾಗವನ್ನು ಯಾವ ಕಾರಖಾನೆಯೂ ಎರಕ ಹೊಯ್ಯುವುದಿಲ್ಲ.