ಅಜ್ಜಿ ಕಲಿಸಬಹುದಾದ ಹನ್ನೆರಡು ಅಂಕ

ಮಕ್ಕಳೇ, ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಬೀಗತನಕ್ಕೆ ಗಡಿಯಿಲ್ಲ. ಅಥಣಿಯ ಮಗಳು ಜತ್ತಕ್ಕೆ ಸೊಸೆಯಾಗಿ ಹೋಗುತ್ತಾಳೆ. ಗಡಹಿಂಗ್ಲಜದ ಹುಡುಗಿ ನಿಪ್ಪಾಣಿಗೆ ಬರುತ್ತಾಳೆ. ಆದರೆ ಅವರ ಮಕ್ಕಳು ವೃತ್ತಿ ಶಿಕ್ಷಣಕ್ಕೆ ಸೇರುವ ಹೊತ್ತಿಗೆ ಗಡಿ ಎದ್ದು ನಿಲ್ಲುತ್ತದೆ. 'ನೀನು ಯಾವ ರಾಜ್ಯದವ?' ಎಂದು ಅರ್ಜಿ ಕೇಳುತ್ತದೆ.

ಇದಕ್ಕೆ ದಾರಿ ಇದೆ. ಇಂಜಿನಿಯರಿಂಗ್, ಕೃಷಿ, ಫಾರ್ಮಸಿಯಂಥ ಕೋರ್ಸುಗಳ ಸರಕಾರಿ ಸೀಟಿಗೆ ಕರ್ನಾಟಕದ ಸಿಇಟಿ ನಿಯಮ ಗಡಿನಾಡು ಕನ್ನಡಿಗರನ್ನೂ ಒಪ್ಪುತ್ತದೆ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ಹಾಗೂ ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಹೆಸರು ಅದರಲ್ಲಿವೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಅಲ್ಲಿ ನೆಲೆಸಿ ಕನಿಷ್ಠ 7 ವರ್ಷ ಓದಿರಬೇಕು. ಮಹಾರಾಷ್ಟ್ರವೂ ಹಿಂದೆ ಬಿದ್ದಿಲ್ಲ. ತನ್ನದೆಂದು ವಾದಿಸುವ ನಮ್ಮ ಕಡೆಯ ಊರುಗಳ ಮರಾಠಿ ಮಕ್ಕಳಿಗೆ ಅದೂ ಇಂಥದೇ ಬಾಗಿಲು ತೆರೆದಿದೆ.

ಒಂದು ತೊಡಕು ಮಾತ್ರ ಇದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಇಂಥ ವಿದ್ಯಾರ್ಥಿಗಳಿಗೆ ಕನ್ನಡ ಪರೀಕ್ಷೆ ಇಡುತ್ತದೆ. 4ನೇ ತರಗತಿಯ ಮಟ್ಟ, 50 ಅಂಕ, ಪಾಸಾಗಲು 12 ಸಾಕು. 'ಇಷ್ಟೇನಾ!' ಎಂದು ನಗಬೇಡಿ. ಜತ್ತದ ಕಡೆಯ ನಮ್ಮ ನೆಂಟರ ಹುಡುಗಿಯೊಬ್ಬಳು ಅಜ್ಜಿಯ ಜೊತೆ ಪಟಪಟನೆ ಕನ್ನಡ ಮಾತಾಡುತ್ತಾಳೆ. ಅಂಗಡಿ ಚೀಟಿ ಬರೆಯೆಂದರೆ 'ಬೆಲ್ಲ', 'ಉಪ್ಪು' ಎಂದು ಕನ್ನಡ ಮಾತನ್ನೇ ಮರಾಠಿ ಅಕ್ಷರದಲ್ಲಿ ಬರೆಯುತ್ತಾಳೆ. ಅವಳ ಶಾಲೆ ಮರಾಠಿಯದು. ಅವಳಿಗೆ ಗಣಿತ ಬರುತ್ತದೆ, ವಿಜ್ಞಾನ ಬರುತ್ತದೆ. ತಾಯಿನುಡಿಯ ಅಕ್ಷರ ಬಾರದೆ ಸೀಟು ತಪ್ಪಿದರೆ ಅದು ಎಂಥ ನಷ್ಟ!

ಬ್ಯಾಂಕಿನಲ್ಲಿ ನಾನು ಕಲಿತದ್ದು ಇಷ್ಟೇ: ದಿನವೂ ಸ್ವಲ್ಪ ಜಮಾ ಮಾಡಿದವನಿಗೆ ಗಡುವಿನ ದಿನ ಗಾಬರಿಯಿಲ್ಲ. ಅಜ್ಜ-ಅಜ್ಜಿಯರೇ, ಗಡಿಯಾಚೆಯ ಮೊಮ್ಮಕ್ಕಳು ರಜೆಗೆ ಬಂದಾಗ ಹೋಳಿಗೆಯ ಜೊತೆ ಒಂದು ಕನ್ನಡ ಪಾಠಪುಸ್ತಕವನ್ನೂ ಮುಂದಿಡಿ. ದಿನಕ್ಕೊಂದು ಪುಟ ಓದಿಸಿ, ನಾಲ್ಕು ಸಾಲು ಬರೆಸಿ. ಶಾಲೆಯ ವ್ಯಾಸಂಗ ಪ್ರಮಾಣಪತ್ರಗಳನ್ನು ವರ್ಷವಾರು ಒಂದೇ ಫೈಲಿನಲ್ಲಿ ಇಡಿಸಿ. ಆ ವರ್ಷದ ಸಿಇಟಿ ಮಾಹಿತಿ ಪುಸ್ತಿಕೆಯನ್ನು ಅವರ ಜೊತೆ ಕೂತು ಓದಿ.

ಮಕ್ಕಳೇ, ನಿಮಗೂ ಒಂದು ಕೆಲಸ. ಗಡಿಯಾಚೆ ಸೋದರತ್ತೆಯ ಮಕ್ಕಳಿದ್ದರೆ ಈ ವಾರ ಅವರಿಗೊಂದು ಕಾಗದ ಬರೆಯಿರಿ, ಕನ್ನಡದಲ್ಲೇ. ಉತ್ತರವೂ ಕನ್ನಡದಲ್ಲೇ ಬರಲಿ ಎಂದು ಹಟ ಹಿಡಿಯಿರಿ.