ತೋಟ ನೋಡಲು ನಲವತ್ತು ನಿಮಿಷ ಸಾಕೆ?

ಚೀನಾದ ಸುಝೌ ನಗರದ ತೋಟಗಳನ್ನು ನೋಡಿ ಬಂದ ನಮ್ಮವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: “ಎಂತ ಉಂಟು ಮಾರಾಯ್ರೆ ಅಲ್ಲಿ? ಹುಲ್ಲುಹಾಸಿಲ್ಲ, ಕಾರಂಜಿಯಿಲ್ಲ. ನಾಲ್ಕು ಕಲ್ಲು, ಒಂದು ಕೆರೆ. ನಮ್ಮ ಬೃಂದಾವನವೇ ಲೇಸು.” 2019ರಲ್ಲಿ ಪ್ರವಾಸಿ ತಂಡವೊಂದರ ಜೊತೆ ಶಾಂಘೈಯಿಂದ ಬಸ್ಸಿನಲ್ಲಿ ಅಲ್ಲಿಗೆ ಹೋಗಿದ್ದ ನನಗೆ ಈ ಮಾತನ್ನು ಕೇಳಿ ಸುಮ್ಮನಿರಲಾಗುವುದಿಲ್ಲ. ತೋಟವೆಂದರೆ ಅಡಿಕೆ ತೋಟವೆಂದೇ ತಿಳಿದ ನಾಡಿನವರು ನಾವು, ಒಪ್ಪಿದೆ. ಆದರೂ ನೋಡದೆಯೇ ತೀರ್ಪು ಕೊಡುವುದು ಯಾವ ನ್ಯಾಯ?

ಝುವೊಝೆಂಗ್ ತೋಟದ ಬಾಗಿಲಲ್ಲಿ ನಮ್ಮ ಮಾರ್ಗದರ್ಶಿ ಬಾವುಟ ಎತ್ತಿ “40 ನಿಮಿಷ” ಎಂದ. ಆ ತೋಟ 5 ಹೆಕ್ಟೇರಿಗೂ ಮಿಕ್ಕಿದ್ದು, ನಮ್ಮ ಲೆಕ್ಕದಲ್ಲಿ ಹನ್ನೆರಡು ಎಕ್ರೆಗೆ ಮೇಲೆ. 16ನೆಯ ಶತಮಾನದ ಆರಂಭದಲ್ಲಿ ಅದನ್ನು ಮಾಡಿಸಿದವನು ಸರಕಾರಿ ಕೆಲಸ ಬಿಟ್ಟು ಊರಿಗೆ ಮರಳಿದ ವಾಂಗ್ ಶಿಯಾನ್‌ಚೆನ್ ಎಂಬ ಅಧಿಕಾರಿ. ತರಕಾರಿಗೆ ನೀರೆರೆದು ಮಾರುವುದೇ ಮೊದ್ದನ ರಾಜಕಾರ್ಯ ಎಂಬ ಹಳೆಯ ಮಾತಿನಿಂದ ಅದಕ್ಕೆ ಹೆಸರು ಬಂತು. (ಇಂಥ ಹೆಸರಿಡುವ ಧೈರ್ಯ ನಮ್ಮ ನಿವೃತ್ತ ಮ್ಯಾನೇಜರರಿಗೆ ಉಂಟೆ?) 1533ರಲ್ಲಿ ವೆನ್ ಝೆಂಗ್‌ಮಿಂಗ್ ಎಂಬ ಕವಿ-ಚಿತ್ರಕಾರ ಈ ತೋಟದ 31 ನೋಟಗಳನ್ನು ಬರೆದ. ಇಂದು ಕಾಣುವುದರಲ್ಲಿ ಹೆಚ್ಚಿನದು ಆಮೇಲೆ ಕಟ್ಟಿದ್ದು, ಅದಿರಲಿ. ಅವನಿಗೆ 31 ನೋಟ ಸಿಕ್ಕ ಜಾಗದಲ್ಲಿ ನಮಗೆ 40 ನಿಮಿಷ!

ಈ ತೋಟಗಳು ಒಮ್ಮೆಲೇ ಕಣ್ಣಿಗೆ ಬೀಳುವಂಥವಲ್ಲ. ಬೇಕೆಂದೇ ಗೋಡೆ ಅಡ್ಡ ನಿಲ್ಲಿಸಿದ್ದಾರೆ, ಗೋಡೆಯಲ್ಲಿ ಜಾಲಂದ್ರ ಕೊರೆದಿದ್ದಾರೆ, ದಾರಿಯನ್ನು ಡೊಂಕು ಮಾಡಿದ್ದಾರೆ. ಝುವೊಝೆಂಗ್‌ನ ಕೊಳದ ಆಚೆ ಕಾಣುವ ಗೋಪುರ ತೋಟದ್ದೇ ಅಲ್ಲ, ಊರಿನ ಬೌದ್ಧ ದೇವಾಲಯದ್ದು. ಹೊರಗಿನ ನೋಟವನ್ನು ಹೀಗೆ ಕಡ ತರುವ ವಿದ್ಯೆಯನ್ನು ಜಿ ಚೆಂಗ್ ಎಂಬವನು 17ನೆಯ ಶತಮಾನದಲ್ಲೇ ತನ್ನ ‘ಯುವಾನ್ ಯೆ’ ಗ್ರಂಥದಲ್ಲಿ ವಿವರಿಸಿದ್ದಾನೆ. ಬ್ಯಾಂಕಿನಲ್ಲಿ ದಿನವಿಡೀ ಸಾಲದ ಕಾಗದ ನೋಡುವ ನನಗೆ, ಬಡ್ಡಿಯಿಲ್ಲದ ಈ ಸಾಲ ಬಹಳ ಹಿಡಿಸಿತು.

ಒಳಗೊಂದು ಮೂಲೆಯಲ್ಲಿ ‘ಮಳೆ ಕೇಳುವ ಚಾವಡಿ’ ಇದೆ, ಪಕ್ಕದಲ್ಲಿ ಬಾಳೆಗಿಡಗಳು. ಬಾಳೆಲೆಯ ಮೇಲೆ ಮಳೆ ಬೀಳುವ ಸದ್ದು ಕಾಸರಗೋಡಿನ ಯಾವ ಮನೆಗೆ ಗೊತ್ತಿಲ್ಲ? ಅದನ್ನು ಕೇಳಲಿಕ್ಕೆಂದೇ ಚಾವಡಿ ಕಟ್ಟಬೇಕೆಂದು ಮಾತ್ರ ನಮಗೆ ಹೊಳೆದಿರಲಿಲ್ಲ. ನಾವು ಅಲ್ಲಿದ್ದಾಗ ನಾಲ್ಕು ಹನಿ ಬಿದ್ದದ್ದೂ ಹೌದು. ತಂಡದವರೆಲ್ಲ ಕೊಡೆ ಹುಡುಕುತ್ತಾ ಬಸ್ಸಿಗೆ ಓಡಿದರು.

ಪ್ರತಿ ಚಾವಡಿಗೂ ಹೆಸರಿನ ಫಲಕವಿದೆ, ಕಂಬಗಳಲ್ಲಿ ದ್ವಿಪದಿಗಳಿವೆ. ‘ಕೆಂಪು ಮಹಲಿನ ಕನಸು’ ಕಾದಂಬರಿಯಲ್ಲಿ ತೋಟ ಕಟ್ಟಿ ಮುಗಿದ ಮೇಲೆ, ಒಂದೊಂದು ಜಾಗಕ್ಕೂ ಹೆಸರು ಹುಡುಕುವುದಕ್ಕೇ ಒಂದು ದೊಡ್ಡ ಪ್ರಕರಣ ಮೀಸಲಾಗಿದೆ. ಓದಲು ಬಾರದ ಫಲಕದ ಮುಂದೆ ಪೆಚ್ಚಾಗಿ ನಿಲ್ಲುವುದೆಂದರೇನೆಂದು ಗಡಿನಾಡಿನವರಿಗೆ ಬೇರೆ ಹೇಳಬೇಕಿಲ್ಲ. ಹೋಗುವ ಮುಂಚೆ ಹತ್ತು ಹೆಸರುಗಳ ಅರ್ಥವನ್ನಾದರೂ ಕೇಳಿ ತಿಳಿದುಕೊಳ್ಳಬಾರದೆ?

“ಶ್ರೀಮಂತರ ಶೋಕಿ, ಬಡವನ ಬೆವರು” ಎನ್ನುವವರೂ ಇದ್ದಾರೆ. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಸೊಂಗ್ ವಂಶದ ಹುಯಿಝೊಂಗ್ ಚಕ್ರವರ್ತಿ ತನ್ನ ಉದ್ಯಾನಕ್ಕೆ ಇದೇ ಸೀಮೆಯಿಂದ ಬಂಡೆ-ಗಿಡಗಳನ್ನು ಸಾಗಿಸಿದ ಹಿಂಸೆಯೇ 1120ರ ಫಾಂಗ್ ಲಾ ದಂಗೆಗೆ ಒಂದು ಕಾರಣವಾಯಿತು. ಆದರೆ ಅಂದು ಬೀಗ ಹಾಕಿದ್ದ ಬಾಗಿಲುಗಳೇ ಇಂದು ಟಿಕೇಟು ಕೊಂಡ ಯಾರಿಗೂ ತೆರೆಯುತ್ತವೆ. 1997ರಿಂದ ಸುಝೌ ತೋಟಗಳು ವಿಶ್ವ ಪರಂಪರೆಯ ಪಟ್ಟಿಯಲ್ಲೂ ಇವೆ. ಬೆವರಿನ ಲೆಕ್ಕ ಕೇಳುವವರು ಆ ಬೆವರು ಮಾಡಿದ್ದೇನೆಂದು ಕುಳಿತು ನೋಡುವುದಾದರೂ ಬೇಡವೆ?

ಹೋಗುವವರು ಒಂದೇ ತೋಟಕ್ಕೆ ಹೋಗಿ. ವಾಂಗ್‌ಶಿ ತೋಟ ಅರ್ಧ ಹೆಕ್ಟೇರಿಗಿಂತ ತುಸು ದೊಡ್ಡದು, ಅಷ್ಟೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ, ನೀರಿನ ಅಂಚಿನಲ್ಲಿ ಕುಳಿತುಕೊಳ್ಳಿ, ಕ್ಯಾಮರಾ ಚೀಲದಲ್ಲಿರಲಿ. ಪ್ರವಾಸ ಏರ್ಪಡಿಸುವವರೊಡನೆ ಮೊದಲೇ ಜಗಳವಾಡಿ ಸಮಯ ಪಡೆಯಿರಿ. ನಾನು ತೋಟದ ಬಾಗಿಲಲ್ಲಿ ನಿಂತು ಕೇಳಿದೆ, ಪ್ರಯೋಜನವಾಗಲಿಲ್ಲ. ಅಲ್ಲಿಂದ ನಮ್ಮನ್ನು ಒಂದು ರೇಷ್ಮೆ ಅಂಗಡಿಗೆ ಒಯ್ದರು. ಅಲ್ಲಿ ಕೊಟ್ಟ ಸಮಯ ಒಂದೂವರೆ ಗಂಟೆ.