ನೋವಿನ ಮಾತ್ರೆ, ಉಸಿರಿನ ಎಣಿಕೆ

ಮಳವಳ್ಳಿಯ ನನ್ನ ಹಳೆಯ ವಿದ್ಯಾರ್ಥಿನಿ ಮಂಡ್ಯದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. 'ಮಾರ್ಫಿನ್ ಕೊಡುವ ಮುಂಚೆ ಏನು ನೋಡ್ತೀಯಮ್ಮ?' ಎಂದೆ. 'ಉಸಿರು ಸಾರ್. ನಾಡಿ ಹಿಡಿದ ಹಾಗೆ ಮಾಡಿ ಒಂದು ನಿಮಿಷ ಪೂರ್ತಿ ಎಣಿಸ್ತೀವಿ. ರೋಗಿಗೆ ಗೊತ್ತಾದ್ರೆ ಉಸಿರಾಟ ಬದಲಾಗುತ್ತೆ' ಎಂದಳು.

ಮಕ್ಕಳೇ, ಪಾಠದಲ್ಲಿ ಓದಿದ ಮೆಡುಲ್ಲಾ ನೆನಪಿದೆಯೇ? ಉಸಿರಾಟವನ್ನು ನಡೆಸುವ ಕೇಂದ್ರ ಅಲ್ಲಿದೆ. ದೊಡ್ಡವರ ಉಸಿರು ನಿಮಿಷಕ್ಕೆ 12ರಿಂದ 20. ಅಫೀಮಿನಿಂದ ತೆಗೆಯುವ ಮಾರ್ಫಿನ್ ನೋವನ್ನು ತಡೆಯುತ್ತದೆ. ಪ್ರಮಾಣ ಮೀರಿದರೆ ಈ ಕೇಂದ್ರವನ್ನೂ ಮಂಕಾಗಿಸುತ್ತದೆ. ರೋಗಿ ತೂಕಡಿಸುತ್ತಾನೆ, ಕಣ್ಣಪಾಪೆ ಸೂಜಿಮೊನೆಯಷ್ಟಾಗುತ್ತದೆ, ಉಸಿರು ನಿಧಾನವಾಗುತ್ತದೆ. ಅದಕ್ಕೆ ನಲೋಕ್ಸೋನ್ ಚುಚ್ಚುಮದ್ದಿದೆ. ಅರಿವಳಿಕೆ ಕೊಡುವವರು ವೈದ್ಯರು. ಆಪರೇಷನ್ ಆಗಿ ವಾರ್ಡಿಗೆ ಬಂದವರಲ್ಲಿ ಈ ಲಕ್ಷಣಗಳನ್ನು ಮೊದಲು ಕಾಣುವವರು ಸಾಮಾನ್ಯವಾಗಿ ಸಿಸ್ಟರುಗಳೇ.

ನಾನು ಕೇಳಿದ್ದಕ್ಕೆ ಕಾರಣವಿತ್ತು. ಮದ್ದೂರಿನ ನೆಂಟರೊಬ್ಬರಿಗೆ ಕ್ಯಾನ್ಸರ್. ನಾಲ್ಕು ಗಂಟೆಗೊಂದು ಮಾರ್ಫಿನ್ ಮಾತ್ರೆ ಬರೆದಿದ್ದರು. ಚಟ ಹತ್ತೀತೆಂದು ಮಗ ರಾತ್ರಿಯ ಮಾತ್ರೆ ತಪ್ಪಿಸುತ್ತಿದ್ದ. ಮುದುಕರು ಬೆಳಗಿನವರೆಗೂ ನರಳುತ್ತಿದ್ದರು. ಬಿ.ಎಸ್ಸಿ. ಓದಿದ ನಾನೂ ಸುಮ್ಮನಿದ್ದೆ! 1985ರ ಮಾದಕವಸ್ತು ಕಾಯ್ದೆಯ ಬಿಗಿಯನ್ನು ರೋಗಿಗಳಿಗಾಗಿ 2014ರಲ್ಲಿ ಸಡಿಲಿಸಿದರು. ಮನೆಗಳಲ್ಲಿ ಭಯ ಸಡಿಲವಾಗಿಲ್ಲ.

ಹುಡುಗಿಯನ್ನು ಅಲ್ಲಿಗೆ ಕರೆದೊಯ್ದೆ. 'ಅಣ್ಣಾ, ನೋವು ಏರೋ ಮುಂಚೆ ಕೊಡ್ಬೇಕು. ಡಾಕ್ಟ್ರು ಹೇಳಿದ ಹೊತ್ತಿಗೆ, ಹೇಳಿದಷ್ಟೇ. ಮಲಬದ್ಧತೆ ಆಗುತ್ತೆ, ಅದಕ್ಕೂ ಔಷಧಿ ಇದೆ. ಎಬ್ಬಿಸಿದ್ರೂ ಏಳದಿದ್ರೆ ಮಾತ್ರೆ ಕೊಡ್ಬೇಡಿ, ತಕ್ಷಣ ಆಸ್ಪತ್ರೆಗೆ ಕರ್ಕೊಂಡ್ ಬನ್ನಿ' ಎಂದಳು. ಮಗ ಕ್ಯಾಲೆಂಡರಿನಲ್ಲಿ ಹೊತ್ತು ಬರೆದುಕೊಂಡ. ಮಾತ್ರೆಯ ಪಟ್ಟಿಯನ್ನು ಮೊಮ್ಮಕ್ಕಳ ಕೈಗೆ ಸಿಗದಂತೆ ಬೀರುವಿನಲ್ಲಿಟ್ಟು ಬೀಗ ಹಾಕಿದ. ಆ ರಾತ್ರಿ ಹತ್ತಕ್ಕೆ ಅವನೇ ನೀರು ತಂದ.